ಸಾರಾಂಶದಾಚೆಗೆ: ಕವಿತೆಗೆ ಗಟ್ಟಿಯಾದ ವ್ಯಾಖ್ಯಾನ ಬರೆಯುವ ಬಗೆ

‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ.’ ಶಾಲೆ ಕಾಲೇಜುಗಳಲ್ಲಿ ಕನ್ನಡ ಓದಿದವರಿಗೆ ಈ ಪ್ರಶ್ನೆಯ ಪರಿಚಯವಿದೆ. ಬಹುಪಾಲು ಉತ್ತರಗಳು ಒಂದೇ ದಾರಿಯಲ್ಲಿ ನಡೆಯುತ್ತವೆ. ಮೊದಲು ಕವಿ, ಕಾಲ, ಕೃತಿಗಳ ಬಗ್ಗೆ ಮೂರು ಸಾಲು. ಆಮೇಲೆ ಪದ್ಯವನ್ನೇ ಗದ್ಯದಲ್ಲಿ ಮತ್ತೊಮ್ಮೆ ಹೇಳುವುದು. ಕೊನೆಗೆ ‘ಹೀಗೆ ಕವಿಯು ಜೀವನದ ಸತ್ಯವನ್ನು ಮಾರ್ಮಿಕವಾಗಿ ಚಿತ್ರಿಸಿದ್ದಾರೆ’ ಎಂಬ ಷರಾ. ಕೇಳಿದ್ದು ಸ್ವಾರಸ್ಯ, ಬರೆದದ್ದು ಸಾರಾಂಶ. ಸ್ನಾತಕೋತ್ತರ ತರಗತಿಯ ಉತ್ತರಪತ್ರಿಕೆಗಳಲ್ಲೂ ಇದೇ ಕೊರತೆಯಿರುತ್ತದೆ, ವಾಕ್ಯಗಳು ಮಾತ್ರ ಉದ್ದವಾಗಿರುತ್ತವೆ.

ವ್ಯಾಖ್ಯಾನ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಈ ಮಾತನ್ನು ಇದೇ ಪದಗಳಲ್ಲಿ, ಇದೇ ಕ್ರಮದಲ್ಲಿ ಹೇಳಿದ್ದರಿಂದ ಏನು ನಡೆಯಿತು? ಕವಿಯ ಕಾಲ, ಅಲಂಕಾರ, ಛಂದಸ್ಸು, ಹಿಂದಿನ ವಿಮರ್ಶಕರ ಮಾತು ಎಲ್ಲವೂ ಈ ಪ್ರಶ್ನೆಗೆ ನೆರವಾಗುವಷ್ಟು ಮಟ್ಟಿಗೆ ಮಾತ್ರ ನಮಗೆ ಬೇಕು. ಇದನ್ನು ತತ್ವವಾಗಿ ಹೇಳಿದರೆ ಪ್ರಯೋಜನವಿಲ್ಲ, ಮಾಡಿಯೇ ತೋರಿಸಬೇಕು. ಅದಕ್ಕಾಗಿ ಎಲ್ಲರಿಗೂ ಗೊತ್ತಿರುವ ಬಸವಣ್ಣನವರ ವಚನವೊಂದನ್ನು ಆರಿಸಿಕೊಂಡಿದ್ದೇನೆ. ಎಲ್ಲರಿಗೂ ಗೊತ್ತಿದೆ ಎಂಬ ಕಾರಣದಿಂದಲೇ ಇದನ್ನು ಯಾರೂ ನಿಧಾನವಾಗಿ ಓದುವುದಿಲ್ಲ.

ಉಳ್ಳವರು ಶಿವಾಲಯ ಮಾಡುವರು
ನಾನೇನ ಮಾಡಲಿ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

## ಮೊದಲು ಪಠ್ಯ ಯಾವುದು ಎಂದು ಖಚಿತಪಡಿಸಿಕೊಳ್ಳಿ

ಒಂದೊಂದು ಪದದ ಮೇಲೂ ಭಾರ ಹಾಕಿ ಬರೆಯಲಿದ್ದೇವೆ. ಹಾಗಾಗಿ ಆ ಪದ ನಿಜವಾಗಿಯೂ ಅಲ್ಲಿದೆಯೇ ಎಂದು ನೋಡಿಕೊಳ್ಳುವುದು ಮೊದಲ ಕೆಲಸ. ಮೊಬೈಲಿನಲ್ಲಿ ಹರಿದಾಡುವ ಪಠ್ಯವನ್ನು ನಂಬಬೇಡಿ. ವಚನಗಳಿಗಾದರೆ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟವಿದೆ. ಹಳಗನ್ನಡ ಕಾವ್ಯಕ್ಕೆ ವಿದ್ವಾಂಸರು ಸಂಪಾದಿಸಿದ, ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟಿರುವ ಮುದ್ರಣವನ್ನು ಹುಡುಕಿ. ಪರೀಕ್ಷೆಯಲ್ಲಿ ಕೊಟ್ಟ ಪಠ್ಯವಾದರೆ ಅದೇ ಪ್ರಮಾಣ.

ಈ ವಚನದ ಮೊದಲ ಸಾಲನ್ನೇ ನೋಡಿ. ‘ಶಿವಾಲಯ ಮಾಡುವರು’ ಎಂದು ಕೆಲವೆಡೆ, ‘ಶಿವಾಲಯವ ಮಾಡಿಹರು’ ಎಂದು ಬೇರೆಡೆ ಕಾಣುತ್ತೇವೆ. ವ್ಯತ್ಯಾಸ ಚಿಕ್ಕದಲ್ಲ. ‘ಮಾಡಿಹರು’ ಎಂದರೆ ಗುಡಿ ಕಟ್ಟಿ ಮುಗಿದಿದೆ, ನಾನು ಅದರ ಮುಂದೆ ನಿಂತಿದ್ದೇನೆ. ‘ಮಾಡುವರು’ ಎಂದರೆ ಇಂದೂ ಮಾಡುತ್ತಾರೆ, ನಾಳೆಯೂ ಮಾಡುತ್ತಾರೆ, ಅದು ಅವರ ರೂಢಿ. ಯಾವ ಪಾಠವನ್ನು ಹಿಡಿದಿದ್ದೀರಿ ಎಂಬುದನ್ನು ವ್ಯಾಖ್ಯಾನದಲ್ಲಿ ಒಂದು ಮಾತಿನಲ್ಲಿ ಹೇಳಿ ಮುಂದೆ ಸಾಗಿ.

ಇನ್ನೊಂದು ಎಚ್ಚರಿಕೆ. ಓಲೆಗರಿಯಲ್ಲಿ ವಚನಗಳನ್ನು ಸಾಲು ಮುರಿಯದೆ ಎಡೆಬಿಡದೆ ಬರೆಯುತ್ತಿದ್ದರು. ನಾವು ಇಂದು ಕಾಣುವ ಸಾಲುಗಳೂ ಅಲ್ಪವಿರಾಮಗಳೂ ಮುದ್ರಣಕ್ಕೆ ಸಿದ್ಧಪಡಿಸಿದವರು ಕೊಟ್ಟವು. ಆದ್ದರಿಂದ ‘ಮೂರನೆಯ ಸಾಲು ಇಲ್ಲಿಗೇ ನಿಲ್ಲುವುದು ಅರ್ಥಪೂರ್ಣ’ ಎಂದು ವಚನದ ಬಗ್ಗೆ ಬರೆದರೆ ಅದು ಸಂಪಾದಕರ ಮೇಲಿನ ವ್ಯಾಖ್ಯಾನವಾಗುತ್ತದೆ. ನವೋದಯ, ನವ್ಯ ಕವಿತೆಗಳಲ್ಲಿ ಸಾಲು ಮುರಿದವರು ಕವಿಯೇ, ಅಲ್ಲಿ ಅದು ಸಾಕ್ಷ್ಯ.

## ಕೈಯಲ್ಲಿ ಬರೆದುಕೊಳ್ಳಿ, ಗಟ್ಟಿಯಾಗಿ ಓದಿ, ಅನ್ವಯ ಮಾಡಿ

ಪದ್ಯವನ್ನು ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ನಕಲು ಮಾಡಿಕೊಳ್ಳಿ. ಬರೆಯುವ ಕೈ ಕಣ್ಣಿಗಿಂತ ನಿಧಾನ, ಆ ನಿಧಾನವೇ ನಮಗೆ ಬೇಕಾದದ್ದು. ಬರೆಯುತ್ತಿರುವಾಗ ‘ಕಾಲೇ, ದೇಹವೇ, ಶಿರವೇ’ ಎಂದು ಮೂರು ಸಲ ಅದೇ ‘ಏ’ ಬಂತಲ್ಲ ಎಂಬುದು ತಾನಾಗಿ ಗಮನಕ್ಕೆ ಬರುತ್ತದೆ. ಗಟ್ಟಿಯಾಗಿ ಓದುವಾಗ ‘ಅಯ್ಯಾ’ ಎಂಬ ಕರೆ ಎಲ್ಲೆಲ್ಲಿ ಬೀಳುತ್ತದೆ, ಕೊನೆಯ ಮಾತಿನಲ್ಲಿ ಅದು ಏಕಿಲ್ಲ ಎಂಬುದು ಕಿವಿಗೆ ಸಿಗುತ್ತದೆ.

ಆಮೇಲೆ ಪದಗಳ ನೇರ ಅರ್ಥ. ಹಳಗನ್ನಡ, ನಡುಗನ್ನಡ ಪದ್ಯಗಳಲ್ಲಿ ಪದ ಬಿಡಿಸಿ, ಕರ್ತೃ, ಕರ್ಮ, ಕ್ರಿಯಾಪದಗಳನ್ನು ಗುರುತಿಸಿ, ಗದ್ಯದ ಕ್ರಮಕ್ಕೆ ತಂದುಕೊಳ್ಳುವ ಅನ್ವಯದ ಪದ್ಧತಿ ನಮ್ಮಲ್ಲಿ ಹಳೆಯದು, ಇಂದಿಗೂ ಅದನ್ನು ಮೀರಿದ ಉಪಾಯವಿಲ್ಲ. ಪರಿಚಿತವೆನಿಸುವ ಪದಗಳನ್ನೂ ನಿಘಂಟಿನಲ್ಲಿ ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಾಗಲಿ 1894ರ ಕಿಟೆಲ್ ಕೋಶವಾಗಲಿ, ಹಳೆಯ ಪ್ರಯೋಗಗಳನ್ನು ಜೊತೆಗೆ ಕೊಡುವುದರಿಂದ ಪದದ ಅಂದಿನ ಬಳಕೆ ತಿಳಿಯುತ್ತದೆ. ‘ಸ್ಥಾವರ’ ಎಂದರೆ ನಿಂತಲ್ಲೇ ನಿಂತದ್ದು, ‘ಜಂಗಮ’ ಎಂದರೆ ಚಲಿಸುವಂಥದ್ದು. ಶರಣರ ಬಳಕೆಯಲ್ಲಿ ಜಂಗಮ ಎಂದರೆ ಶಿವಸ್ವರೂಪಿಯೆಂದು ಗೌರವಿಸುವ, ಊರೂರು ಸಂಚರಿಸುವ ವ್ಯಕ್ತಿಯೂ ಹೌದು. ಈ ಎರಡನೆಯ ಅರ್ಥ ಗೊತ್ತಿಲ್ಲದೆ ಬರೆದ ವ್ಯಾಖ್ಯಾನ ಕುಂಟುತ್ತದೆ.

ಇಷ್ಟಾದ ಮೇಲೆ ಸಾರಾಂಶವನ್ನು ಎರಡು ವಾಕ್ಯಗಳಲ್ಲಿ ಬರೆದು ಪಕ್ಕಕ್ಕಿಡಿ. ಅದು ನಿಮ್ಮ ಉಪಯೋಗಕ್ಕೆ, ಓದುಗರಿಗಲ್ಲ.

## ಯಾರು ಮಾತನಾಡುತ್ತಿದ್ದಾರೆ, ಯಾರೊಡನೆ?

ಕವಿತೆಯ ‘ನಾನು’ ಕವಿಯೇ ಎಂದು ಕಣ್ಣುಮುಚ್ಚಿ ಬರೆಯಬೇಡಿ. ಈ ವಚನದ ದನಿ ‘ಬಡವನಯ್ಯಾ’ ಎನ್ನುತ್ತದೆ. ಆದರೆ 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಬಳಿ ಭಂಡಾರಿಯಾಗಿದ್ದರೆಂದು ಪರಂಪರೆ ಹೇಳುತ್ತದೆ. ಅರಮನೆಯ ಬೊಕ್ಕಸ ನೋಡಿಕೊಳ್ಳುವವರು ಬಡವ ಎಂದುಕೊಳ್ಳುವುದು ಸುಳ್ಳೇ? ಅಲ್ಲ. ದನಿ ಇಲ್ಲಿ ಗುಡಿ ಕಟ್ಟಲಾಗದವರೆಲ್ಲರ ಪರವಾಗಿ ನಿಂತಿದೆ ಎಂದು ಓದಬಹುದು. ದೇವರ ಮುಂದೆ ಯಾವ ಸಂಪತ್ತೂ ತನ್ನದಲ್ಲ ಎನ್ನುವ ಭಕ್ತನ ದನಿ ಎಂದೂ ಓದಬಹುದು. ಯಾವುದನ್ನು ಹಿಡಿದರೂ ಸರಿ. ಎರಡರ ನಡುವೆ ಅಂತರವಿದೆ ಎಂಬುದನ್ನು ಕಂಡಿದ್ದೀರಿ ಎಂದು ನಿಮ್ಮ ಬರವಣಿಗೆ ತೋರಿಸಬೇಕು.

ಕೇಳುವವರು ಯಾರು ಎಂಬುದು ಇನ್ನೂ ಕುತೂಹಲಕಾರಿ. ‘ಕೂಡಲಸಂಗಮದೇವಾ ಕೇಳಯ್ಯಾ’ ಎಂಬುದನ್ನು ‘ಇದು ಬಸವಣ್ಣನವರ ಅಂಕಿತ’ ಎಂದು ಗುರುತಿಸಿ ಎಲ್ಲರೂ ದಾಟಿಬಿಡುತ್ತಾರೆ. ಅಂಕಿತ ಸಹಿ ಮಾತ್ರವಲ್ಲ, ಅದೊಂದು ಸಂಬೋಧನೆ. ಕೃಷ್ಣೆ ಮಲಪ್ರಭೆಗಳು ಕೂಡುವ ಊರಿನ ಗುಡಿಯ ದೇವರ ಹೆಸರು ಅದು. ಸ್ಥಾವರಕ್ಕೆ ಅಳಿವಿದೆ ಎಂಬ ಮಾತನ್ನು ಗುಡಿಯಲ್ಲಿ ನೆಲೆಸಿದ ದೇವರಿಗೇ ‘ಕೇಳು’ ಎಂದು ಹೇಳಲಾಗುತ್ತಿದೆ. ವಚನದ ಧೈರ್ಯವಿರುವುದು ಇಲ್ಲಿ. ಹೀಗೆ ‘ಯಾರಿಗೆ’ ಎಂದು ಕೇಳಿದ್ದರಿಂದ ಮಾತ್ರ ಸಿಗುವ ಸಂಗತಿ ಇದು.

## ಗುರುತು ಹಾಕಿ, ಗುರುತುಗಳನ್ನು ಪ್ರಶ್ನೆಗಳಾಗಿಸಿ

ವ್ಯಾಖ್ಯಾನದ ಜೀವ ಈ ಹಂತದಲ್ಲಿದೆ. ಸಮಯ ಎಷ್ಟೇ ಕಡಿಮೆಯಿರಲಿ, ಇದನ್ನು ಮೊಟಕುಗೊಳಿಸಬೇಡಿ.

ಪೆನ್ಸಿಲ್ ಹಿಡಿದು ಕಣ್ಣಿಗೆ ಬಿದ್ದದ್ದನ್ನೆಲ್ಲ ಗುರುತಿಸಿ: ಮತ್ತೆ ಮತ್ತೆ ಬರುವ ಪದ ಮತ್ತು ದನಿ, ಒಂದಕ್ಕೊಂದು ಎದುರಾಗುವ ಪದಗಳು, ಕ್ರಿಯಾಪದದ ಕಾಲ, ಇದ್ದಕ್ಕಿದ್ದಂತೆ ಬದಲಾಗುವ ಧಾಟಿ, ಇರಬೇಕಾಗಿದ್ದು ಇಲ್ಲದೆ ಹೋದದ್ದು. ಆಮೇಲೆ ಪ್ರತಿ ಗುರುತಿಗೂ ‘ಏಕೆ ಹೀಗೆ? ಬೇರೆ ರೀತಿ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು?’ ಎಂದು ಕೇಳಿ. ಒಂದು ಪದವನ್ನು ತೆಗೆದು ಅದರ ಸಮಾನಾರ್ಥಕವನ್ನು ಇಟ್ಟು ನೋಡುವುದು ನನಗೆ ತುಂಬ ಫಲ ಕೊಟ್ಟ ಅಭ್ಯಾಸ.

‘ಉಳ್ಳವರು’ ಎಂಬುದರ ಜಾಗದಲ್ಲಿ ‘ಸಿರಿವಂತರು’ ಎಂದು ಇಟ್ಟು ನೋಡೋಣ. ಅರ್ಥ ಕೆಡುವುದಿಲ್ಲ. ಆದರೆ ಏನೋ ಹೋಗುತ್ತದೆ. ‘ಉಳ್ಳವರು’ ಎಂದಾಗ ಏನು ಉಳ್ಳವರು ಎಂದು ಹೇಳಿಲ್ಲ; ಬರೇ ‘ಇರುವಿಕೆ’ಯೇ ಅವರ ಗುರುತು. ಈಗ ವಚನದ ಕೊನೆಗೆ ಹೋಗಿ: ‘ಅಳಿವುಂಟು’, ‘ಅಳಿವಿಲ್ಲ’. ‘ಉಳ್ಳ’ ಎಂಬುದೂ ‘ಉಂಟು’ ಎಂಬುದೂ ‘ಉಳ್’ ಎಂಬ ಒಂದೇ ಧಾತುವಿನಿಂದ ಬಂದವು. ಉಳ್ಳವರಿಂದ ಆರಂಭವಾದ ಮಾತು, ಅವರು ಕಟ್ಟಿದ್ದಕ್ಕೆ ಏನು ‘ಉಂಟು’ ಎಂದು ಹೇಳಿ ಮುಗಿಯುತ್ತದೆ: ಅಳಿವು ಉಂಟು. ಬಡವ ಎಂದರೆ ಇಲ್ಲದವನು. ಆ ‘ಇಲ್ಲ’ವೇ ವಚನದ ಕಟ್ಟಕಡೆಯ ಪದವಾಗಿ ಅವನ ಪಾಲಿಗೆ ಸಂಪತ್ತಾಗುತ್ತದೆ: ಅಳಿವು ಇಲ್ಲ. ಆರಂಭದ ಉಳ್ಳವ–ಇಲ್ಲದವರ ಲೆಕ್ಕ ಕೊನೆಯಲ್ಲಿ ತಲೆಕೆಳಗಾಗಿದೆ. ‘ಸಿರಿವಂತರು’ ಎಂದಿದ್ದರೆ ಈ ತಿರುವು ಇರುತ್ತಿರಲಿಲ್ಲ.

‘ನಾನೇನ ಮಾಡಲಿ’ ಎಂಬುದನ್ನೂ ಹೀಗೆಯೇ ಹಿಡಿಯಿರಿ. ನಮ್ಮ ಮಾತಿನಲ್ಲಿ ‘ನಾನೇನು ಮಾಡಲಿ’ ಎಂಬುದು ಕೈಚೆಲ್ಲುವ ಉದ್ಗಾರ, ಅದಕ್ಕೆ ಉತ್ತರವನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಸ್ವಲ್ಪ ಮೊದಲು ‘ಶಿವಾಲಯ ಮಾಡುವರು’ ಎಂದು ಅದೇ ಕ್ರಿಯಾಪದ ಬಂದಿದೆ. ಅವರು ಗುಡಿ ಮಾಡುತ್ತಾರೆ, ನಾನು ಏನನ್ನು ಮಾಡಲಿ? ಎಂದರೆ ಅದು ನಿಜವಾದ ಪ್ರಶ್ನೆಯೂ ಹೌದು, ಮುಂದಿನ ಮಾತು ಅದಕ್ಕೆ ಕೊಟ್ಟ ಉತ್ತರವೂ ಹೌದು. ಅಸಹಾಯಕತೆಯಂತೆ ಕೇಳಿಸಿದ್ದು ಸಿದ್ಧತೆಯಾಗಿತ್ತು ಎಂದು ಒಂದು ಉಸಿರಿನ ಬಳಿಕ ತಿಳಿಯುತ್ತದೆ.

ಆ ಉತ್ತರದ ವಾಕ್ಯಗಳಲ್ಲಿ ಕ್ರಿಯಾಪದವೇ ಇಲ್ಲ. ‘ಕಾಲನ್ನು ಕಂಬ ಮಾಡುವೆ’ ಎನ್ನಲಿಲ್ಲ. ‘ಕಾಲೇ ಕಂಬ’ ಎಂದಿತು. ‘ದೇಹವೇ ದೇಗುಲ’ ಎಂದಿತು. ಮಾಡುವ ಕೆಲಸ ಉಳ್ಳವರದ್ದು. ಇಲ್ಲಿ ಮಾಡಲು ಏನೂ ಉಳಿದಿಲ್ಲ, ಆಗಲೇ ಇದೆ. ಕಾಲಿನಿಂದ ತಲೆಗೆ ಏರುವ ಕ್ರಮವನ್ನೂ ಗಮನಿಸಿ: ಕಂಬ ನಿಲ್ಲಿಸಿ, ಗುಡಿ ಎಬ್ಬಿಸಿ, ಕೊನೆಗೆ ಕಳಶ ಏರಿಸುವ ಕಟ್ಟಡದ ಕೆಲಸದ ಕ್ರಮವೇ ಅದು. ಕಾಲು–ಕಂಬ, ದೇಹ–ದೇಗುಲ ಎಂದು ಮೊದಲ ಅಕ್ಷರಗಳು ಜೋಡಿಯಾಗಿ ಬಂದವು, ‘ಶಿರ’ಕ್ಕೆ ಆ ಜೋಡಿ ಸಿಗಲಿಲ್ಲ. ಬದಲಿಗೆ ಇಲ್ಲಿಯವರೆಗೆ ಇಲ್ಲದಿದ್ದ ಒಂದು ವಿಶೇಷಣ ಬಂತು: ‘ಹೊನ್ನ’ ಕಳಶ. ಬಡವನ ಬಾಯಲ್ಲಿ ಬಂಗಾರದ ಮಾತು ಏಕೆ? ಕಲ್ಲಿನ ಕಂಬಕ್ಕೆ ಕಾಲು ಸಮವಾದೀತು, ಬಂಗಾರಕ್ಕೆ ತಲೆ ಸಮ ಎನ್ನುವಾಗ ಉಳ್ಳವರ ಅತ್ಯಂತ ಬೆಲೆಯುಳ್ಳ ವಸ್ತುವನ್ನೇ ಈ ದನಿ ತನ್ನದಾಗಿಸಿಕೊಳ್ಳುತ್ತಿದೆ.

ಕೊನೆಗೆ ಕಾಡುವ ಪ್ರಶ್ನೆ. ಕಲ್ಲಿನ ಗುಡಿ ಶತಮಾನಗಳ ಕಾಲ ನಿಲ್ಲುತ್ತದೆ, ದೇಹ ನೂರು ವರ್ಷವೂ ಬಾಳುವುದಿಲ್ಲ. ಹಾಗಿದ್ದರೂ ಸ್ಥಾವರಕ್ಕೆ ಅಳಿವು, ಜಂಗಮಕ್ಕೆ ಅಳಿವಿಲ್ಲ ಎಂದರೆ ಹೇಗೆ? ದೇಹವೇ ಜಂಗಮ ಎಂದು ಸರಳವಾಗಿ ಸಮೀಕರಿಸಿದರೆ ವಚನ ಸುಳ್ಳಾಗುತ್ತದೆ. ಸಾರಾಂಶ ಬರೆಯುವವರು ಈ ತೊಡಕನ್ನು ಕಾಣುವುದೇ ಇಲ್ಲ. ವ್ಯಾಖ್ಯಾನ ಬರೆಯುವವರಿಗೆ ಇದೇ ನಿಧಿ. ಪಠ್ಯದಲ್ಲಿ ಎಲ್ಲಿ ಅರ್ಥ ಸಲೀಸಾಗಿ ಹರಿಯುವುದಿಲ್ಲವೋ ಅಲ್ಲಿ ನಿಲ್ಲಿ, ಅಲ್ಲಿಂದಲೇ ಬರೆಯಲು ತೊಡಗಿ.

## ಒಂದು ವಾದವನ್ನು ಆರಿಸಿ

ಗುರುತುಗಳು ಹತ್ತಾರು ಇರುತ್ತವೆ, ಎಲ್ಲವನ್ನೂ ಬರೆದರೆ ಪಟ್ಟಿಯಾಗುತ್ತದೆ. ಬಹಳಷ್ಟು ಗುರುತುಗಳು ಯಾವ ಕಡೆಗೆ ಬೆರಳು ಮಾಡುತ್ತಿವೆ ಎಂದು ನೋಡಿ, ಅದನ್ನು ಒಂದು ವಾಕ್ಯದಲ್ಲಿ ಹೇಳಿ. ಆ ವಾಕ್ಯ ಹೀಗಿರಬಾರದು: ‘ಈ ವಚನದಲ್ಲಿ ಬಸವಣ್ಣನವರು ಭಕ್ತಿಯ ಮಹತ್ವವನ್ನು ಸಾರಿದ್ದಾರೆ.’ ಇದನ್ನು ಯಾರೂ ಅಲ್ಲಗಳೆಯಲಾರರು, ಆದ್ದರಿಂದ ಇದು ವಾದವಲ್ಲ.

ನಮ್ಮ ಟಿಪ್ಪಣಿಗಳಿಂದ ಹೊರಡುವ ವಾದ ಹೀಗಿರಬಹುದು: ‘ಇರುವಿಕೆ ಮತ್ತು ಇಲ್ಲದಿರುವಿಕೆಗಳ ಲೋಕದ ಲೆಕ್ಕವನ್ನು ಒಪ್ಪಿಕೊಂಡವನಂತೆ ಮಾತು ಆರಂಭಿಸುವ ಈ ದನಿ, ಅದೇ ಪದಗಳನ್ನು ಬಳಸಿ ಆ ಲೆಕ್ಕವನ್ನು ತಿರುಗಿಸಿಬಿಡುತ್ತದೆ, ಬಡತನದ ಅಳಲಾಗಿ ಶುರುವಾದದ್ದು ದೇವರಿಗೇ ಹೇಳುವ ತೀರ್ಪಾಗಿ ಮುಗಿಯುತ್ತದೆ.’

ವಾದ ಹುಟ್ಟಿದ ಕೂಡಲೇ ಅದಕ್ಕೆ ವಿರುದ್ಧವಾದ ಸಾಕ್ಷ್ಯ ಹುಡುಕಿ. ವಚನ ಗುಡಿ ಕಟ್ಟುವುದನ್ನು ನಿಷೇಧಿಸುತ್ತದೆಯೇ? ಇಲ್ಲ. ‘ಮಾಡುವರು’ ಎಂದಷ್ಟೇ ಹೇಳುತ್ತದೆ, ಬಯ್ಯುವುದಿಲ್ಲ. ‘ಅಳಿವುಂಟು’ ಎನ್ನುತ್ತದೆ, ‘ವ್ಯರ್ಥ’ ಎನ್ನುವುದಿಲ್ಲ. ಮೇಲಾಗಿ ಗುಡಿಯ ಕಂಬ, ಕಳಶಗಳನ್ನೇ ತನ್ನ ರೂಪಕಕ್ಕೆ ಎರವಲು ಪಡೆಯುತ್ತದೆ. ಗುಡಿ ಬೇಡವಾಗಿದ್ದರೆ ದೇಹವನ್ನು ಗುಡಿ ಎನ್ನುವುದೇಕೆ? ಆದ್ದರಿಂದ ‘ಬಸವಣ್ಣನವರು ದೇವಾಲಯ ಸಂಸ್ಕೃತಿಯನ್ನು ಧಿಕ್ಕರಿಸಿದರು’ ಎಂಬ ದೊಡ್ಡ ಮಾತನ್ನು ಈ ಒಂದು ವಚನದ ಬಲದಿಂದ ಬರೆಯಲು ಬರುವುದಿಲ್ಲ. ಅದಕ್ಕೆ ಬೇರೆ ವಚನಗಳ ನೆರವು ಬೇಕು. ಪಠ್ಯ ಹೊರಬಲ್ಲಷ್ಟೇ ಭಾರವನ್ನು ಅದರ ಮೇಲೆ ಹಾಕುವುದು ವಿಮರ್ಶಕನ ಪ್ರಾಮಾಣಿಕತೆ.

## ಪ್ಯಾರಾ ಕಟ್ಟುವುದು

ಸಾಮಾನ್ಯವಾಗಿ ಕಾಣುವ ಒಂದು ವಾಕ್ಯ ಇದು: ‘ಕಾಲೇ ಕಂಬ, ದೇಹವೇ ದೇಗುಲ ಎಂಬಲ್ಲಿ ರೂಪಕಾಲಂಕಾರವಿದೆ. ಇದು ವಚನದ ಸೌಂದರ್ಯವನ್ನು ಹೆಚ್ಚಿಸಿದೆ.’ ಮೊದಲ ವಾಕ್ಯ ನಿಜ. ಎರಡನೆಯದಕ್ಕೆ ಅರ್ಥವಿಲ್ಲ, ಯಾವ ಪದ್ಯಕ್ಕೆ ಬೇಕಾದರೂ ಅಂಟಿಸಬಹುದು. ಅಲಂಕಾರದ ಹೆಸರು ಹೇಳುವುದು ಕೆಲಸದ ಆರಂಭ. ಅದು ಉಪಮೆಯಾಗದೆ ರೂಪಕವೇ ಆದದ್ದರಿಂದ ಏನಾಯಿತು ಎಂದು ಹೇಳಿದರೆ ಕೆಲಸ ಮುಗಿಯುತ್ತದೆ.

ಇದೇ ಅಂಶವನ್ನು ಹೀಗೆ ಬೆಳೆಸಬಹುದು:

‘ಉಳ್ಳವರ ಕೆಲಸವನ್ನು ಹೇಳುವಾಗ ವಚನ “ಮಾಡುವರು” ಎಂಬ ಕ್ರಿಯಾಪದವನ್ನು ಬಳಸುತ್ತದೆ, ತನ್ನ ಸರದಿ ಬಂದಾಗ ಕ್ರಿಯಾಪದವನ್ನೇ ಕೈಬಿಡುತ್ತದೆ. “ಎನ್ನ ಕಾಲೇ ಕಂಬ, ದೇಹವೇ ದೇಗುಲ” ಎಂಬಲ್ಲಿ ಕಾಲು ಕಂಬದಂತಿದೆ ಎಂಬ ಹೋಲಿಕೆಯಿಲ್ಲ, ಕಂಬವಾಗಲಿ ಎಂಬ ಹಾರೈಕೆಯೂ ಇಲ್ಲ. ಒತ್ತಿ ಹೇಳುವ “ಏ” ಪ್ರತ್ಯಯ ಬೇರೆ ಕಂಬದ ಅಗತ್ಯವನ್ನೇ ತೆಗೆದುಹಾಕುತ್ತದೆ. ಹೀಗಾಗಿ “ನಾನೇನ ಮಾಡಲಿ” ಎಂಬ ಪ್ರಶ್ನೆಗೆ ಸಿಗುವ ಉತ್ತರ ವಿಲಕ್ಷಣವಾದದ್ದು: ಮಾಡಬೇಕಾದ್ದೇನೂ ಇಲ್ಲ. ಉಳ್ಳವರು ಹಣ ಸುರಿದು ಮುಟ್ಟಬೇಕಾದ ಕಡೆಗೆ ಈ ದನಿ ಆಗಲೇ ತಲುಪಿದೆ.’

ಈ ಪ್ಯಾರಾದಲ್ಲಿ ಉಲ್ಲೇಖಗಳು ಚಿಕ್ಕವು, ವಾಕ್ಯದೊಳಗೆ ಬೆರೆತಿವೆ. ಪ್ರತಿ ಉಲ್ಲೇಖದ ಪಕ್ಕದಲ್ಲಿ ಅದು ಮಾಡುವ ಕೆಲಸದ ಮಾತಿದೆ. ಕೊನೆಯ ವಾಕ್ಯ ಮೂಲ ವಾದಕ್ಕೆ ಮರಳುತ್ತದೆ. ಪದ್ಯವನ್ನಿಡೀ ಉಲ್ಲೇಖಿಸಿ ಕೆಳಗೆ ‘ಮೇಲಿನ ಸಾಲುಗಳಲ್ಲಿ’ ಎಂದು ಶುರುಮಾಡುವುದನ್ನು ಬಿಡಿ. ಪ್ಯಾರಾಗಳನ್ನು ಸಾಲುಗಳ ಕ್ರಮದಲ್ಲಿ ಇಡಬೇಕೆಂಬ ನಿಯಮವೂ ಇಲ್ಲ. ಸಾಲು ಹಿಡಿದು ಹೋದರೆ ಸಾರಾಂಶದ ಸುಳಿಗೆ ಬೀಳುವ ಅಪಾಯ ಹೆಚ್ಚು, ಆದ್ದರಿಂದ ವಾದದ ಹೆಜ್ಜೆಗಳನ್ನು ಹಿಡಿದು ಹೋಗಿ.

‘ಅದ್ಭುತ’, ‘ಮನಮುಟ್ಟುವ’, ‘ಮಾರ್ಮಿಕ’, ‘ಅರ್ಥಗರ್ಭಿತ’ ಎಂಬ ಪದಗಳನ್ನು ಕರಡಿನಲ್ಲಿ ಹುಡುಕಿ ಹೊಡೆದುಹಾಕಿ. ಹೊಗಳಿಕೆ ಸಾಕ್ಷ್ಯದ ಜಾಗವನ್ನು ಕಬಳಿಸುತ್ತದೆ. ಪದ್ಯದ ಮೇಲಿನ ಪ್ರೀತಿಯನ್ನು ನೀವು ಅದನ್ನು ಎಷ್ಟು ಎಚ್ಚರದಿಂದ ಓದಿದ್ದೀರಿ ಎಂಬುದೇ ಹೇಳುತ್ತದೆ.

## ಛಂದಸ್ಸುಳ್ಳ ಪದ್ಯವಾದರೆ

ವಚನಕ್ಕೆ ಕಟ್ಟುನಿಟ್ಟಾದ ಛಂದಸ್ಸಿಲ್ಲ. ವೃತ್ತ, ಕಂದ, ಷಟ್ಪದಿಗಳಲ್ಲಿ ಲಯವನ್ನೂ ಓದಬೇಕು. ಪಂಪನ ಬನವಾಸಿಯ ಪದ್ಯವನ್ನೇ ತೆಗೆದುಕೊಳ್ಳಿ:

ಚಾಗದ ಭೋಗದಕ್ಕರದ ಗೇಯದ ಗೊಟ್ಟಿಯಲಂಪಿನಿಂಪುಗ-
ಳ್ಗಾಗರಮಾದ ಮಾನಸರೆ ಮಾನಸರಂತವರಾಗಿ ಪುಟ್ಟಲೇ-
ನಾಗಿಯುಮೇನೊ ತೀರ್ದಪುದೆ ತೀರದೊಡಂ ಮರಿದುಂಬಿಯಾಗಿ ಮೇಣ್
ಕೋಗಿಲೆಯಾಗಿ ಪುಟ್ಟುವುದು ನಂದನದೊಳ್ ಬನವಾಸಿದೇಶದೊಳ್

ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದ ಈ ಪದ್ಯ ಅರ್ಜುನನ ತೀರ್ಥಯಾತ್ರೆಯ ಸಂದರ್ಭದ್ದು. ತ್ಯಾಗ, ಭೋಗ, ವಿದ್ಯೆ, ಗಾನ, ಗೋಷ್ಠಿಗಳ ಸೊಗಸಿಗೆ ನೆಲೆಯಾದ ಮನುಷ್ಯರೇ ಮನುಷ್ಯರು. ಹಾಗೆ ಹುಟ್ಟಲು ಆದೀತೇ? ಆಗದಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಬನವಾಸಿಯ ನಂದನದಲ್ಲಿ ಹುಟ್ಟಬೇಕು. ಇದು ಅನ್ವಯ.

ಪ್ರಸ್ತಾರ ಹಾಕಿದರೆ ಸಾಲಿಗೆ 20 ಅಕ್ಷರಗಳು. ಭ, ರ, ನ, ಭ, ಭ, ರ ಗಣಗಳು, ಕೊನೆಗೊಂದು ಲಘು, ಒಂದು ಗುರು. ಉತ್ಪಲಮಾಲಾ ವೃತ್ತ. ಎರಡನೆಯ ಅಕ್ಷರ ನಾಲ್ಕು ಸಾಲಿನಲ್ಲೂ ಗಕಾರ, ಅದು ಪ್ರಾಸ. ಇಲ್ಲಿಗೆ ನಿಂತರೆ ಛಂದಸ್ಸಿನ ಪ್ರಶ್ನೆಗೆ ಅಂಕ ಸಿಗಬಹುದು, ವ್ಯಾಖ್ಯಾನವಾಗುವುದಿಲ್ಲ. ಮುಂದೆ ನೋಡಿ. ಮೊದಲ ಸಾಲು ಷಷ್ಠಿ ವಿಭಕ್ತಿಯ ಪದಗಳ ಮೇಲೆ ಪದಗಳನ್ನು ಪೇರಿಸುತ್ತ ಹೋಗಿ, ‘ಇಂಪುಗಳ್ಗೆ’ ಎಂಬ ಪದದ ನಡುವೆಯೇ ಮುಗಿದುಹೋಗುತ್ತದೆ; ಸುಖಗಳ ಪಟ್ಟಿ ಸಾಲಿನ ಅಂಚನ್ನು ಮೀರಿ ತುಳುಕುತ್ತದೆ. ಇಲ್ಲಿ ಸಾಲಿನ ಅಂಚು ಯಾವ ಸಂಪಾದಕರದ್ದೂ ಅಲ್ಲ, ವೃತ್ತದ ನಿಯಮ ಹಾಕಿದ್ದು. ಹಾಗಾಗಿ ವಚನದಲ್ಲಿ ಕೂಡದೆಂದ ವಾದ ಇಲ್ಲಿ ಸಲ್ಲುತ್ತದೆ. ಮೂರನೆಯ ಸಾಲಿನ ‘ತೀರ್ದಪುದೆ’ ಎಂಬ ಅನುಮಾನದಲ್ಲಿ ಪದ್ಯ ಒಮ್ಮೆ ತಡೆದು, ಬಯಕೆಯನ್ನು ಮನುಷ್ಯಜನ್ಮದಿಂದ ಮರಿದುಂಬಿಗೆ ಇಳಿಸುತ್ತದೆ. ಬರೀ ದುಂಬಿಯಲ್ಲ, ಮರಿದುಂಬಿ. ಜನ್ಮದ ವಿಷಯದಲ್ಲಿ ಎಷ್ಟು ಬೇಕಾದರೂ ರಾಜಿಯಾಗಲು ಒಪ್ಪುವ ಮನಸ್ಸು ಊರಿನ ವಿಷಯದಲ್ಲಿ ರಾಜಿಯಾಗುವುದಿಲ್ಲ. ಅದಕ್ಕೇ ಊರಿನ ಹೆಸರು ಕಟ್ಟಕಡೆಗೆ, ಎಲ್ಲ ರಾಜಿಗಳೂ ಮುಗಿದ ಮೇಲೆ ಬರುತ್ತದೆ. ಛಂದಸ್ಸಿನ ಮಾತು ಹೀಗೆ ಅರ್ಥದ ಮಾತಾಗಬೇಕು.

## ಹಿನ್ನೆಲೆ ಎಷ್ಟು?

ಕಲ್ಯಾಣ, ಬಿಜ್ಜಳ, ಅನುಭವ ಮಂಟಪ ಎಂದು ಒಂದು ಪುಟ ಬರೆದು ಆಮೇಲೆ ವಚನಕ್ಕೆ ಬರುವುದು ಬಹಳ ಜನರ ಅಭ್ಯಾಸ. ನನ್ನ ನಿಯಮ ಇಷ್ಟು: ಹಿನ್ನೆಲೆಯ ಯಾವುದೇ ಸಂಗತಿ ಪಠ್ಯದ ಒಂದು ಪದವನ್ನಾದರೂ ಬೆಳಗಬೇಕು. ಭಂಡಾರಿಯಾಗಿದ್ದರೆಂಬ ಸಂಗತಿ ‘ಬಡವ’ ಎಂಬ ಪದವನ್ನು ಬೆಳಗಿತು. ಶರಣರ ಬಳಕೆಯಲ್ಲಿ ‘ಜಂಗಮ’ಕ್ಕಿದ್ದ ಅರ್ಥ ಕೊನೆಯ ಸಾಲನ್ನು ಬೆಳಗಿತು. ಹುಟ್ಟಿದ ಊರು, ತಂದೆತಾಯಿಯ ಹೆಸರು ಇಲ್ಲಿ ಏನನ್ನೂ ಬೆಳಗುವುದಿಲ್ಲ, ಬಿಡಿ.

## ಹಿಂದೆ ಓದಿದವರ ಮಾತು

ನಿಮ್ಮ ಟಿಪ್ಪಣಿ ಮುಗಿಯುವವರೆಗೆ ವಿಮರ್ಶೆಗಳನ್ನು ತೆರೆಯಬೇಡಿ. ಮುಗಿದ ಮೇಲೆ ತಪ್ಪದೆ ಓದಿ. ಎ.ಕೆ. ರಾಮಾನುಜನ್ 1973ರಲ್ಲಿ ಪ್ರಕಟಿಸಿದ ವಚನಗಳ ಇಂಗ್ಲಿಷ್ ಅನುವಾದದ ಪ್ರಸ್ತಾವನೆಯಲ್ಲಿ ಇದೇ ವಚನವನ್ನು ವಿವರವಾಗಿ ಚರ್ಚಿಸಿ, ಮಾಡುವುದು ಮತ್ತು ಆಗಿರುವುದು, ನಿಂತಿರುವುದು ಮತ್ತು ಚಲಿಸುವುದು ಎಂಬ ವಿರೋಧಗಳನ್ನು ಗುರುತಿಸಿದ್ದಾರೆ. ಕ್ರಿಯಾಪದದ ಬಗ್ಗೆ ಮೇಲೆ ಬರೆದದ್ದು ಆ ದಾರಿಯಲ್ಲೇ ಇದೆ. ಹಾಗಿದ್ದಾಗ ಅವರ ಹೆಸರು ಹೇಳಿ, ಅವರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ನೀವು ಏನನ್ನು ಸೇರಿಸುತ್ತಿದ್ದೀರಿ ಎಂದು ಸ್ಪಷ್ಟಪಡಿಸಿ. ಉಳ್ಳವ–ಉಂಟು–ಇಲ್ಲ ಎಂಬ ಜಾಡು ಕನ್ನಡದ ಕಿವಿಗೆ ಮಾತ್ರ ಕೇಳಿಸುವಂಥದ್ದು. ಅನುವಾದದಲ್ಲಿ ಓದಿದವರಿಗೆ ಅದು ದಕ್ಕುವುದು ಕಷ್ಟ. ಕನ್ನಡದಲ್ಲಿ ಬರೆಯುವವರ ಅನುಕೂಲ ಅದು, ಅದನ್ನು ಪೂರ್ತಿ ಬಳಸಿಕೊಳ್ಳಿ.

## ಗದ್ಯಭಾಗವಾದರೆ

ಕಾದಂಬರಿ, ಕಥೆಯ ತುಣುಕು ಕೊಟ್ಟರೂ ವಿಧಾನ ಇದೇ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಬೇರೆ. ನಿರೂಪಕ ಯಾರ ಕಣ್ಣಿನಿಂದ ನೋಡುತ್ತಿದ್ದಾನೆ? ಅವನಿಗೆ ಗೊತ್ತಿರುವುದೆಷ್ಟು, ಮುಚ್ಚಿಟ್ಟಿರುವುದೆಷ್ಟು? ಎಲ್ಲಿ ವಾಕ್ಯಗಳು ಉದ್ದವಾಗುತ್ತವೆ, ಎಲ್ಲಿ ತುಂಡಾಗುತ್ತವೆ? ಪಾತ್ರಗಳ ಆಡುನುಡಿಗೂ ನಿರೂಪಣೆಯ ಬರಹದ ಕನ್ನಡಕ್ಕೂ ನಡುವೆ ಯಾವ ಅಂತರವಿದೆ? ಕನ್ನಡ ಗದ್ಯದಲ್ಲಿ ಈ ಕೊನೆಯ ಪ್ರಶ್ನೆ ಎಂದೂ ಖಾಲಿ ಕೈಯಲ್ಲಿ ಕಳುಹಿಸುವುದಿಲ್ಲ.

## ಬರೆಯಲು ಕುಳಿತಾಗ

ಅರ್ಧ ಗಂಟೆಯ ಪರೀಕ್ಷಾ ಉತ್ತರವಾದರೆ ಹತ್ತು ನಿಮಿಷ ಓದು ಮತ್ತು ಗುರುತಿಗೆ, ಹದಿನೈದು ಬರವಣಿಗೆಗೆ, ಐದು ತಿದ್ದುಪಡಿಗೆ. ಮೊದಲ ಹತ್ತು ನಿಮಿಷ ಪಕ್ಕದವರು ಪುಟ ತುಂಬಿಸುತ್ತಿರುವುದನ್ನು ನೋಡಿ ಗಾಬರಿಯಾಗಬೇಡಿ.

ಮೊದಲ ವಾಕ್ಯದಲ್ಲೇ ಪಠ್ಯ ಇರಲಿ. ‘ಕನ್ನಡ ಸಾಹಿತ್ಯಕ್ಕೆ ವಚನಗಳ ಕೊಡುಗೆ ಅಪಾರ’ ಎಂದು ಆರಂಭಿಸಿದರೆ ಓದುಗ ವಚನಕ್ಕಾಗಿ ಕಾಯಬೇಕಾಗುತ್ತದೆ. ‘ಉಳ್ಳವರು ಎಂದು ತೊಡಗಿ ಇಲ್ಲ ಎಂದು ಮುಗಿಯುವ ಬಸವಣ್ಣನವರ ಈ ವಚನ’ ಎಂದು ಹೊರಟರೆ ವಾದ ಆಗಲೇ ಕಾಲಿಟ್ಟಿರುತ್ತದೆ. ಸಂದರ್ಭವನ್ನು ಎರಡನೆಯ ಅಥವಾ ಮೂರನೆಯ ವಾಕ್ಯದಲ್ಲಿ ಹೇಳಿದರೆ ಸಾಕು. ಮುಂದೆ ಮೂರು ಅಥವಾ ನಾಲ್ಕು ಪ್ಯಾರಾಗಳು, ಒಂದೊಂದರಲ್ಲೂ ವಾದದ ಒಂದು ಹೆಜ್ಜೆ. ಅತ್ಯಂತ ಕಠಿಣವಾದ ಪ್ರಶ್ನೆಯನ್ನು, ನಮ್ಮ ವಚನದಲ್ಲಾದರೆ ಅಳಿಯುವ ದೇಹದ ಪ್ರಶ್ನೆಯನ್ನು, ಕೊನೆಯ ಪ್ಯಾರಾಕ್ಕೆ ಇಟ್ಟುಕೊಳ್ಳಿ. ಹಾಗೆ ಮಾಡಿದರೆ ಉಪಸಂಹಾರದಲ್ಲಿ ಹೇಳಿದ್ದನ್ನೇ ಹೇಳುವ ಬದಲು ಹೊಸದನ್ನು ಹೇಳುತ್ತ ಮುಗಿಸಬಹುದು.

ಆ ಪ್ಯಾರಾ ಹೀಗೆ ಬರಬಹುದು: ‘ವಚನ ಕೊನೆಯಲ್ಲಿ ದೇಹ ಎಂಬ ಪದವನ್ನು ಮತ್ತೆ ಬಳಸುವುದಿಲ್ಲ. ಕಾಲು, ದೇಹ, ಶಿರಗಳಿಂದ ಕಟ್ಟಿದ ಗುಡಿ ಅಳಿಯುವುದಿಲ್ಲವೆಂದು ಅದು ಎಲ್ಲೂ ಹೇಳಿಲ್ಲ. ಜಂಗಮಕ್ಕೆ ಅಳಿವಿಲ್ಲ ಎಂದಷ್ಟೇ ಹೇಳಿದೆ. ಕಾಲು ಕಂಬವಾದರೂ ಅದು ನಡೆಯುವ ಕಂಬ. ಆ ನಡಿಗೆ ಒಂದು ದೇಹದಿಂದ ಇನ್ನೊಂದಕ್ಕೆ, ಒಬ್ಬ ಭಕ್ತನಿಂದ ಇನ್ನೊಬ್ಬನಿಗೆ ಸಾಗಬಲ್ಲದು, ಶಿವಾಲಯದ ಕಲ್ಲು ನೆಟ್ಟಲ್ಲೇ ಕಾಲವನ್ನು ಎದುರಿಸಬೇಕು.’ ಇದೇ ಅಂತಿಮ ಉತ್ತರವೆಂದು ನಾನು ಹೇಳುವುದಿಲ್ಲ. ಜಂಗಮ ಎಂದರೆ ಇಲ್ಲಿ ಸಂಚಾರಿಯಾದ ಶಿವಶರಣನೇ ಎಂದು ಹಿಡಿದು ಬೇರೆ ಪ್ಯಾರಾ ಬರೆಯಬಹುದು. ಪಠ್ಯದ ಪದಗಳನ್ನು ಕೈಬಿಡದೆ ತೊಡಕಿನ ಜೊತೆ ಸೆಣಸಿದ್ದರೆ ಎರಡೂ ಗಟ್ಟಿಯಾಗಿಯೇ ಇರುತ್ತವೆ.

## ತಿದ್ದುಪಡಿ

ಬರೆದದ್ದನ್ನು ಓದುತ್ತ ಪ್ರತಿ ವಾಕ್ಯಕ್ಕೂ ಒಂದು ಪರೀಕ್ಷೆ ಒಡ್ಡಿ: ಕವಿತೆಯ ಹೆಸರು ಬದಲಾಯಿಸಿದರೆ ಈ ವಾಕ್ಯ ಬೇರೊಂದು ಕವಿತೆಗೂ ಹೊಂದುತ್ತದೆಯೇ? ಹೊಂದಿದರೆ ತೆಗೆದುಹಾಕಿ. ಆಮೇಲೆ ಉಲ್ಲೇಖಗಳನ್ನು ಮೂಲದ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ‘ನಾನೇನ’ ಎಂಬುದು ‘ನಾನೇನು’ ಆಗಿರಬಾರದು, ‘ದೇಗುಲ’ ‘ದೇವಾಲಯ’ವಾಗಿರಬಾರದು. ಒಂದು ಪದದ ಆಯ್ಕೆಯ ಮೇಲೆ ವಾದ ಕಟ್ಟಿ ಆ ಪದವನ್ನೇ ತಪ್ಪಾಗಿ ಬರೆದರೆ ಇಡೀ ಪ್ಯಾರಾ ಕುಸಿಯುತ್ತದೆ. ಕೊನೆಗೆ, ಸಾರಾಂಶವೆಂದು ಮೊದಲು ಬರೆದು ಪಕ್ಕಕ್ಕಿಟ್ಟಿದ್ದ ಆ ಎರಡು ವಾಕ್ಯಗಳನ್ನು ತೆಗೆದು ನೋಡಿ. ನಿಮ್ಮ ಬರಹದಲ್ಲಿ ಅವು ಮತ್ತೆ ಎಲ್ಲಾದರೂ ನುಸುಳಿದ್ದರೆ, ಆ ಜಾಗದಲ್ಲಿ ನೀವು ಹಾಕಿದ ಗುರುತುಗಳಲ್ಲಿ ಇನ್ನೂ ಬಳಸದೆ ಉಳಿದ ಒಂದನ್ನು ತಂದಿಡಿ.